ಸಂಡೇ ಸ್ಕೂಲ್ ಹುಡುಗನ ಪ್ರಶ್ನೆ: ಯೇಸು ಏರಿಹೋದದ್ದು ಎಲ್ಲಿಗೆ?

ಪ್ರಶ್ನೆ: ಸರ್, ನಾನು ಉಡುಪಿಯವಳು. ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ದೊಡ್ಡ ಮಕ್ಕಳಿಗೆ ಕಲಿಸುತ್ತೇನೆ. ಯೇಸುವಿನ ಆರೋಹಣದ, ಅಂದರೆ ಅವನು ಪರಲೋಕಕ್ಕೆ ಏರಿಹೋದದ್ದರ, ಪಾಠ ಮಾಡುವಾಗ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಎದ್ದು, "ಟೀಚರ್, ಚಂದ್ರಯಾನದ ಹಾಗೆ ಮೇಲೆ ಹೋಗಿದ್ದರೆ ಈಗ ಎಲ್ಲಿಗೆ ಮುಟ್ಟಿರಬಹುದು?" ಎಂದು ಕೇಳಿದ. ಮಕ್ಕಳೆಲ್ಲ ನಕ್ಕರು. ನನಗೆ ಉತ್ತರ ಹೊಳೆಯಲಿಲ್ಲ. ಪಕ್ಕದ ಮನೆಯ ಅಕ್ಕನ ಹತ್ತಿರ ಇದನ್ನು ಹೇಳಿದೆ. ಅವರು ದೈವಗಳನ್ನು ನಂಬುವವರು. "ಅದು ನಮ್ಮ ದೈವಗಳು ಮಾಯ ಆದ ಹಾಗೆ ಅಲ್ವಾ?" ಎಂದರು. ಅದಕ್ಕೂ ಹೌದು ಎನ್ನಬೇಕೋ ಅಲ್ಲ ಎನ್ನಬೇಕೋ ತಿಳಿಯಲಿಲ್ಲ. ಆರೋಹಣದ ಗುರುವಾರ ನಮ್ಮಲ್ಲಿ ಆರಾಧನೆಗೆ ಬರುವವರೂ ಬೆರಳೆಣಿಕೆಯಷ್ಟೇ. ಕ್ರಿಸ್ಮಸ್, ಈಸ್ಟರ್ ಅರ್ಥ ಆಗುತ್ತದೆ. ಆರೋಹಣದಿಂದ ಇವತ್ತಿನ ವಿಶ್ವಾಸಿಗೆ ಏನು ಸಿಗುತ್ತದೆ?

ಉತ್ತರ: ಆ ಹುಡುಗನ ಬಾಯಿ ಮುಚ್ಚಿಸಬೇಡಿ. ಅವನು ಕೇಳಿದ್ದು ತಲೆಹರಟೆ ಅಲ್ಲ. ಪ್ರತಿ ಭಾನುವಾರ ನಾವು ಎದ್ದು ನಿಂತು ವಿಶ್ವಾಸಪ್ರಮಾಣ ಹೇಳುತ್ತೇವೆ. ಪರಲೋಕಕ್ಕೆ ಏರಿಹೋದನು, ತಂದೆಯ ಬಲಗಡೆ ಕೂತಿದ್ದಾನೆ ಎನ್ನುವ ಮಾತು ಬಾಯಿಂದ ತಾನಾಗಿ ಹೊರಟುಹೋಗುತ್ತದೆ. ಏರಿದ್ದು ಎಲ್ಲಿಗೆ, ಕೂತದ್ದು ಎಲ್ಲಿ ಎಂದು ಕೇಳುವವರು ಕಡಿಮೆ. ನಾನು ಮಂಗಳೂರಿನಲ್ಲಿ ಹೊಸ ಒಡಂಬಡಿಕೆ ಕಲಿಸುವವನು. ಪಾದ್ರಿಯಾಗಲು ಬರುವ ವಿದ್ಯಾರ್ಥಿಗಳೂ ಈ ಸಾಲನ್ನು ಹಾರಿಸಿಯೇ ಮುಂದೆ ಹೋಗುತ್ತಾರೆ.

ಚಂದ್ರಯಾನದಿಂದಲೇ ಶುರು ಮಾಡೋಣ. ಚಂದ್ರಯಾನ-3 ಶ್ರೀಹರಿಕೋಟಾದಿಂದ ಹೊರಟದ್ದು 2023ರ ಜುಲೈ 14ಕ್ಕೆ. ಚಂದ್ರನ ಮೇಲೆ ಇಳಿದದ್ದು ಆಗಸ್ಟ್ 23ಕ್ಕೆ. ಲೆಕ್ಕ ಹಾಕಿದರೆ 40 ದಿನ. ಈಸ್ಟರಿನಿಂದ ಆರೋಹಣಕ್ಕೂ 40 ದಿನದ ಲೆಕ್ಕ ಇದೆ ಎಂದು ಹೇಳಿ, ಮಕ್ಕಳಿಗೆ ಮಜಾ ಸಿಗುತ್ತದೆ. ಅದಕ್ಕಿಂತ ಜಾಸ್ತಿ ಅರ್ಥ ಅದರಲ್ಲಿ ಹುಡುಕಬೇಡಿ. ಈಗ ಹುಡುಗನ ಲೆಕ್ಕಕ್ಕೆ ಬನ್ನಿ. ಯೇಸು ಬೆಳಕಿನ ವೇಗದಲ್ಲೇ ಹೊರಟಿದ್ದರೂ ಇಷ್ಟು ಹೊತ್ತಿಗೆ ಎರಡು ಸಾವಿರ ಜ್ಯೋತಿರ್ವರ್ಷ ದೂರ ಹೋಗಿರಬಹುದು, ಅಷ್ಟೇ. ನಮ್ಮ ಕ್ಷೀರಪಥದ ಅಡ್ಡಗಲವೇ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಅಂದರೆ ಇನ್ನೂ ದಾರಿಯಲ್ಲೇ ಇರಬೇಕು! ಈ ಮಾತನ್ನು ನೀವೇ ಕ್ಲಾಸಿನಲ್ಲಿ ಹೇಳಿಬಿಡಿ. ಮಕ್ಕಳು ನಗಲಿ. ನಕ್ಕ ಮೇಲೆ ಅವರಿಗೇ ಗೊತ್ತಾಗುತ್ತದೆ, ಪ್ರಶ್ನೆಯನ್ನು ಕಿಲೋಮೀಟರಿನಲ್ಲಿ ಕೇಳಿದ್ದೇ ತಪ್ಪು ಎಂದು.

ಹೊಸ ಒಡಂಬಡಿಕೆಯಲ್ಲಿ ಒಂದು ಸುವಾರ್ತೆಯನ್ನೂ ಅಪೊಸ್ತಲರ ಕೃತ್ಯಗಳನ್ನೂ ಬರೆದವನು ಲೂಕ. ಅವನು ಬರೆದದ್ದನ್ನು ಒಮ್ಮೆ ನಿಧಾನವಾಗಿ ಓದಿ. ಅಪೊಸ್ತಲರ ಕೃತ್ಯಗಳು ಒಂದನೇ ಅಧ್ಯಾಯ, ಒಂಬತ್ತನೇ ವಚನ. ಇಡೀ ಘಟನೆಗೆ ಲೂಕ ಕೊಟ್ಟದ್ದು ಒಂದೇ ವಚನ. ಅವರು ನೋಡುತ್ತಿರುವಾಗ ಯೇಸು ಮೇಲಕ್ಕೆ ಎತ್ತಲ್ಪಟ್ಟನು, ಮೋಡವು ಅವನನ್ನು ಅವರ ಕಣ್ಣಿಗೆ ಕಾಣದಂತೆ ಮರೆಮಾಡಿತು. ಮುಗಿಯಿತು. ಎಷ್ಟು ಎತ್ತರ, ಎಷ್ಟು ಹೊತ್ತು, ಆಮೇಲೆ ಏನಾಯಿತು ಎಂದು ಒಂದು ಮಾತೂ ಇಲ್ಲ. ಬಣ್ಣ ಹಚ್ಚಿ ಕಥೆ ಹೇಳಲು ಬಾರದವನಲ್ಲ ಲೂಕ. ಪೌಲನ ಹಡಗು ಒಡೆದ ಕಥೆಗೆ ಒಂದು ಅಧ್ಯಾಯ ಪೂರ್ತಿ ಕೊಟ್ಟವನು. ಇಲ್ಲಿ ಬೇಕೆಂದೇ ಕೈ ಬಿಗಿ ಹಿಡಿದಿದ್ದಾನೆ.

ಆ ಮೋಡವನ್ನು ಗಮನಿಸಿ. ನಮಗೆ ಮೋಡ ಅಂದರೆ ಮೇ ಕೊನೆಗೆ ಮಲ್ಪೆ ಕಡೆಯಿಂದ ಕಪ್ಪಾಗಿ ಏಳುವುದು. ಬೈಬಲ್ ಓದಿ ಬೆಳೆದ ಯೆಹೂದ್ಯನಿಗೆ ಹಾಗಲ್ಲ. ಅರಣ್ಯದಲ್ಲಿ ದೇವದರ್ಶನದ ಗುಡಾರವನ್ನು ಮುಚ್ಚಿದ್ದು ಮೋಡ. ಸೊಲೊಮೋನ ದೇವಾಲಯ ಕಟ್ಟಿದಾಗ ಒಳಗೆ ತುಂಬಿ ಯಾಜಕರು ನಿಲ್ಲಲಾರದಂತೆ ಮಾಡಿದ್ದು ಮೋಡ. ಯೇಸು ಬೆಟ್ಟದ ಮೇಲೆ ರೂಪಾಂತರ ಹೊಂದಿದಾಗ ಶಿಷ್ಯರನ್ನು ಕವಿದದ್ದೂ ಮೋಡವೇ. ದಾನಿಯೇಲನ ದರ್ಶನದಲ್ಲಿ ಮನುಷ್ಯಕುಮಾರನಂಥವನು ಬರುವುದೂ ಮೋಡಗಳೊಂದಿಗೆ. ದೇವರು ಇಲ್ಲೇ ಇದ್ದಾನೆ, ಆದರೆ ಕಣ್ಣಿಗೆ ಸಿಗುವುದಿಲ್ಲ ಎಂದು ಹೇಳಬೇಕಾದಾಗಲೆಲ್ಲ ಬೈಬಲ್ ಮೋಡವನ್ನು ತರುತ್ತದೆ. ಯೇಸು ಹೋದದ್ದು ದೇವರ ಇರವಿನೊಳಗೆ. ಲೂಕ ಹೇಳಿದ್ದು ಅಷ್ಟೇ.

ಹಳೇ ಕಾಲದವರಿಗೆ ವಿಜ್ಞಾನ ಗೊತ್ತಿರಲಿಲ್ಲ, ಆದ್ದರಿಂದ ಮೋಡದ ಮೇಲೆ ದೇವರ ಮನೆ ಇದೆ ಎಂದು ನಂಬಿದ್ದರು ಎನ್ನುವುದು ಅರ್ಧ ಮಾತ್ರ ಸರಿ. ಅದೇ ದೇವಾಲಯದ ಪ್ರತಿಷ್ಠೆಯ ದಿನ ಸೊಲೊಮೋನ ಪ್ರಾರ್ಥನೆಯಲ್ಲಿ, ಆಕಾಶಗಳೂ ನಿನ್ನನ್ನು ಹಿಡಿಸಲಾರವು ಎಂದು ದೇವರಿಗೆ ಹೇಳಿದ. ದೂರದರ್ಶಕ ಬರುವ ಮೊದಲೇ ಜರ್ಮನಿಯ ಸಭಾಸುಧಾರಕ ಲೂಥರ್ ಕೂಡ ಇದೇ ಮಾತಿಗೆ ಜಗಳ ಆಡಿದ್ದ. ದೇವರ ಬಲಗೈ ಅಂದರೆ ಒಂದು ಜಾಗ ಅಲ್ಲ, ಎಲ್ಲ ಕಡೆ ಇರುವ ದೇವರ ಶಕ್ತಿ ಎಂದು 1527ರಲ್ಲಿ ಬರೆದ. ಸ್ವಿಟ್ಜರ್ಲೆಂಡಿನ ಸುಧಾರಕ ಜ್ವಿಂಗ್ಲಿ ಒಪ್ಪಲಿಲ್ಲ. ಯೇಸುವಿನ ದೇಹ ನಿಜವಾದ ದೇಹ ಆಗಿದ್ದರೆ ಅದು ಪರಲೋಕದಲ್ಲೇ ಇರಬೇಕು, ಆರಾಧನೆಯಲ್ಲಿ ಹಂಚುವ ಕರ್ತನ ಮೇಜಿನ ರೊಟ್ಟಿಯಲ್ಲಿ ಹೇಗೆ ಬರುತ್ತದೆ ಎಂದು ಕೇಳಿದ. 1529ರಲ್ಲಿ ಮಾರ್ಬುರ್ಗಿನಲ್ಲಿ ಇಬ್ಬರೂ ಎದುರುಬದುರು ಕೂತರು, ಉಳಿದದ್ದೆಲ್ಲ ಒಪ್ಪಿದರು, ಇದೊಂದರಲ್ಲಿ ಮುರಿದುಕೊಂಡರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿಗೆ ಇವರಿಬ್ಬರ ಕಡೆಯವರೂ ಸೇರಿದ್ದರು. ಜರ್ಮನಿಯ ವ್ಯೂರ್ಟೆಂಬೆರ್ಗಿನ ಲೂಥರನ್ನರು, ಜ್ವಿಂಗ್ಲಿಯ ಕಡೆಯ ಸ್ವಿಸ್ ರಿಫಾರ್ಮ್ಡ್‌ನವರು. ನಮ್ಮ ಹಳೇ ಸಭೆಗಳು ಹುಟ್ಟಿದ್ದೇ ಈ ಜಗಳವನ್ನು ಬದಿಗಿಟ್ಟು ಒಟ್ಟಿಗೆ ಕೆಲಸ ಮಾಡಿದವರಿಂದ. ನನ್ನನ್ನು ಕೇಳಿದರೆ ಇಬ್ಬರಲ್ಲೂ ಒಂದು ಸತ್ಯ ಇತ್ತು. ಬಲಗಡೆ ಎನ್ನುವುದು ಜಾಗ ಅಲ್ಲ ಎನ್ನುವುದರಲ್ಲಿ ಲೂಥರ್ ಸರಿ. ದೇಹವನ್ನು ಗಾಳಿಗೆ ತೂರಬೇಡಿ ಎನ್ನುವುದರಲ್ಲಿ ಜ್ವಿಂಗ್ಲಿ ಸರಿ. ಎರಡನೆಯದು ನಿಮ್ಮ ಪಕ್ಕದ ಮನೆಯ ಅಕ್ಕನ ಪ್ರಶ್ನೆಗೆ ಬೇಕಾಗುತ್ತದೆ.

ಆ ಅಕ್ಕನ ಮಾತು ಹುಡುಗನ ಮಾತಿಗಿಂತ ಆಳವಾದದ್ದು. ಅದನ್ನು ಹಗುರ ಮಾಡಬೇಡಿ. ದೈವಗಳ ಕಥೆ ಹೇಳುವ ತುಳು ಹಾಡು ಪಾಡ್ದನ ಕೇಳಿದವರಿಗೆ ಗೊತ್ತು, ಅಲ್ಲಿ ವೀರರು ಸುಮ್ನೆ ಸಾಯುವುದಿಲ್ಲ. ಕಾಯ ಬಿಟ್ಟು ಮಾಯ ಸೇರುತ್ತಾರೆ. ಸೇರಿದ ಮೇಲೆ ದೈವವಾಗಿ ನಿಲ್ಲುತ್ತಾರೆ, ಊರು ಕಾಯುತ್ತಾರೆ, ನ್ಯಾಯ ಕೇಳುತ್ತಾರೆ. ತುಳುನಾಡಿನ ಅವಳಿ ವೀರರು ಕೋಟಿ-ಚೆನ್ನಯರು ಹಾಗೆ. ನನಗೆ ಇನ್ನೂ ಹತ್ತಿರ ಅನಿಸುವುದು ಕಲ್ಕುಡ-ಕಲ್ಲುರ್ಟಿಯ ಕಥೆ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡ. ಇಂಥ ಕೆಲಸ ಇನ್ನೊಬ್ಬರಿಗೆ ಮಾಡಿಕೊಡಬಾರದು ಎಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ ಎಂದು ಪಾಡ್ದನ ಹಾಡುತ್ತದೆ. ದುಡಿದವನಿಗೆ ಆಳುವವರು ಕೊಟ್ಟ ಕೂಲಿ ಅದು. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ತಂಗಿ ಕಲ್ಲುರ್ಟಿ ಸಿಡಿದೇಳುತ್ತಾಳೆ. ಇಬ್ಬರೂ ಮಾಯ ಸೇರಿ ದೈವಗಳಾಗುತ್ತಾರೆ, ಅರಸನ ಅರಮನೆಗೆ ಬೆಂಕಿ ಬೀಳುತ್ತದೆ.

ಯೇಸುವಿನ ಕಥೆಗೂ ಇದಕ್ಕೂ ಹೋಲಿಕೆ ಇದೆ. ಇದೆ ಎಂದು ಧೈರ್ಯವಾಗಿ ಹೇಳಿ. ಆಳುವವರು ಅನ್ಯಾಯವಾಗಿ ಕೊಂದವನು ಅಲ್ಲಿಗೆ ಮುಗಿದುಹೋಗಲಿಲ್ಲ. ಕೊಂದವರ ಕೈಗೆ ಸಿಗದ ಎತ್ತರದಲ್ಲಿ ಈಗ ಅವನಿದ್ದಾನೆ. ಅವನ ಮುಂದೆ ಒಂದು ದಿನ ಅರಸನೂ ನಿಲ್ಲಬೇಕು. ಎರಡೂ ಕಡೆ ಇದೇ ನಂಬಿಕೆ. ತುಳುನಾಡಿನವರಿಗೆ ಆರೋಹಣವನ್ನು ವಿವರಿಸುವುದು ಯುರೋಪಿನವರಿಗೆ ವಿವರಿಸುವುದಕ್ಕಿಂತ ಸುಲಭ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಆದರೆ ಎರಡು ಕಡೆ ದಾರಿ ಬೇರೆ ಆಗುತ್ತದೆ. ಒಂದು, ಸೇಡು. ಕಲ್ಲುರ್ಟಿ ಬೆಂಕಿ ಹಚ್ಚುತ್ತಾಳೆ. ಅವಳ ಸಿಟ್ಟಿಗೆ ಕಾರಣ ಇದೆ, ನಾನು ತಪ್ಪು ಹೇಳುವುದಿಲ್ಲ. ಯೇಸು ಏರಿಹೋದ ಮೇಲೆ ಏನು ಮಾಡುತ್ತಿದ್ದಾನೆ ಎನ್ನುವುದಕ್ಕೆ ಇಬ್ರಿಯರಿಗೆ ಬರೆದ ಪತ್ರದಲ್ಲಿ ಉತ್ತರ ಇದೆ: ನಮಗೋಸ್ಕರ ಬೇಡಿಕೊಳ್ಳುತ್ತಿದ್ದಾನೆ. ಪೌಲ ರೋಮಾಪುರದವರಿಗೆ ಬರೆಯುವಾಗಲೂ ಇದನ್ನೇ ಹೇಳುತ್ತಾನೆ. ಕೊಂದವರ ಊರಿಗೆ, ಯೆರೂಸಲೇಮಿಗೇ, ಮೊದಲು ಕ್ಷಮೆಯ ಸುದ್ದಿ ಸಾರಬೇಕು ಎಂದು ಲೂಕನ ಸುವಾರ್ತೆ ಕೊನೆಯಲ್ಲಿ ಹೇಳುತ್ತದೆ.

ಇನ್ನೊಂದು, ಕಾಯ. ನನ್ನ ಇಡೀ ಉತ್ತರ ನಿಂತಿರುವುದು ಇದರ ಮೇಲೆ. ಯೇಸು ಕಾಯ ಬಿಟ್ಟು ಹೋಗಲಿಲ್ಲ. ಕಾಯದ ಸಮೇತ ಹೋದ. ಈಸ್ಟರ್ ಆದ ಮೇಲೆ ಶಿಷ್ಯರು ಭೂತ ಕಂಡ ಹಾಗೆ ಬೆದರಿದಾಗ ಅವನು ಮಾಡಿದ್ದೇನು? ನನ್ನ ಕೈ ನೋಡಿ, ಕಾಲು ನೋಡಿ, ಮುಟ್ಟಿ ನೋಡಿ ಎಂದ. ಅಷ್ಟಕ್ಕೂ ನಂಬಿಕೆ ಬರಲಿಲ್ಲ ಎಂದು ಕಂಡಾಗ, ತಿನ್ನಲು ಏನಾದರೂ ಇದೆಯೇ ಎಂದು ಕೇಳಿದ. ಸುಟ್ಟ ಮೀನಿನ ಒಂದು ತುಂಡು ಕೊಟ್ಟರು. ಅವರ ಕಣ್ಣೆದುರೇ ತಿಂದ. ಕರಾವಳಿಯ ಮಕ್ಕಳಿಗೆ ಈ ವಚನ ಬೇಗ ಹಿಡಿಸುತ್ತದೆ. ತೋಮನಿಗೆ ತೋರಿಸಿದ್ದು ಮೊಳೆಯ ಗಾಯ. ಆ ಗಾಯಗಳನ್ನು ಅಳಿಸಿ ಹೊಸ ಮೈ ಹಾಕಿಕೊಂಡು ಅವನು ಏರಿಹೋಗಲಿಲ್ಲ. ಗಾಯಗಳಿರುವ ಅದೇ ಮೈ.

ಮಹಾಭಾರತದಲ್ಲಿ ಧರ್ಮರಾಯ ಮೈ ಸಮೇತವೇ ಸ್ವರ್ಗಕ್ಕೆ ಹೋದನಲ್ಲ ಎಂದು ಯಾರಾದರೂ ಕೇಳಬಹುದು. ಹೋದದ್ದು ಹೌದು. ಆದರೆ ಸ್ವರ್ಗಾರೋಹಣ ಪರ್ವದಲ್ಲಿ ಅವನು ದೇವಗಂಗೆಯಲ್ಲಿ ಮುಳುಗಿ ಮನುಷ್ಯದೇಹವನ್ನು ಅಲ್ಲೇ ಬಿಡುತ್ತಾನೆ. ನಿಮ್ಮ ಬ್ಯಾರಿ ಮುಸ್ಲಿಂ ನೆರೆಯವರಿಗೂ ಈಸಾ ನಬಿಯನ್ನು, ಅಂದರೆ ಯೇಸುವನ್ನು, ದೇವರು ತನ್ನ ಕಡೆಗೆ ಎತ್ತಿಕೊಂಡ ಎಂಬ ನಂಬಿಕೆ ಇದೆ, ಅದು ಕುರ್‌ಆನಿನಲ್ಲೇ ಬರುತ್ತದೆ. ಆದರೆ ಅಲ್ಲಿ ಶಿಲುಬೆ ಇಲ್ಲ, ಆದ್ದರಿಂದ ಗಾಯವೂ ಇಲ್ಲ. ಏರಿಹೋಗುವ ಕಥೆ ಎಲ್ಲ ಕಡೆ ಸಿಗುತ್ತದೆ. ಗಾಯದ ಮೈ ಹೊತ್ತುಕೊಂಡು ಏರಿಹೋದ ಎನ್ನುವುದು ಮಾತ್ರ ಕ್ರೈಸ್ತರು ಹೇಳುವ ಮಾತು.

ಇದನ್ನು ಒಪ್ಪುವುದು ಕ್ರೈಸ್ತರಿಗೂ ಸುಲಭ ಇರಲಿಲ್ಲ. ಎರಡನೇ ಶತಮಾನದಲ್ಲೇ ಹಲವರಿಗೆ ಇದು ನಾಚಿಕೆ ಅನಿಸಿತು. ದೇವರ ಹತ್ತಿರ ಮಾಂಸ-ಮೂಳೆ ಹೇಗೆ ಇರುತ್ತದೆ? ಹೆರ್ಮೊಗೆನೆಸ್ ಎಂಬವನು, ಯೇಸು ಏರಿಹೋಗುವಾಗ ತನ್ನ ದೇಹವನ್ನು ಸೂರ್ಯನಲ್ಲಿ ಬಿಟ್ಟು ಮುಂದೆ ಹೋದ ಎಂದು ಕಲಿಸಿದ. ಅಪೆಲ್ಲೆಸ್ ಎಂಬ ಇನ್ನೊಬ್ಬ, ದೇಹ ಯಾವ ಧಾತುಗಳಿಂದ ಬಂದಿತ್ತೋ ಅವುಗಳಿಗೇ ಅದನ್ನು ಹಿಂದೆ ಕೊಟ್ಟ ಎಂದ. ಕೇಳಲು ಎಷ್ಟು ಚೆಂದ ಅಲ್ವಾ? ಸಭೆ ಎರಡನ್ನೂ ತಳ್ಳಿಹಾಕಿತು. ತೆರ್ತುಲ್ಲಿಯನ್ ಎಂಬ ಉತ್ತರ ಆಫ್ರಿಕಾದ ಬರಹಗಾರ ಖಡಾಖಂಡಿತವಾಗಿ ಬರೆದ: ತಂದೆಯ ಬಲಗಡೆ ಕೂತಿರುವವನು ದೇವರೂ ಹೌದು, ಮನುಷ್ಯನೂ ಹೌದು, ನಮ್ಮದೇ ರಕ್ತಮಾಂಸ ಅಲ್ಲಿ ಇದೆ ಎಂದು.

ಇದರಿಂದ ಇವತ್ತು ನಮಗೇನು ಎಂದು ಕೇಳಿದ್ದೀರಿ. ಕ್ರಿಸ್ಮಸ್ ದಿನ ದೇವರು ಮನುಷ್ಯನಾದ ಎನ್ನುತ್ತೇವೆ. ಆರೋಹಣ ಇಲ್ಲದಿದ್ದರೆ ಅದು 33 ವರ್ಷದ ಒಂದು ವೇಷ ಆಗಿಬಿಡುತ್ತಿತ್ತು. ಕೆಲಸ ಮುಗಿದ ಮೇಲೆ ದೇವರು ಮನುಷ್ಯತನವನ್ನು ಕಳಚಿಟ್ಟು ಹೋದ ಎಂದಾಗುತ್ತಿತ್ತು. ಆರೋಹಣ ಹೇಳುವುದು, ಕಳಚಲಿಲ್ಲ ಎಂದು. ಮನುಷ್ಯನ ಮೈ, ಹಸಿದ ಮೈ, ಬಡಗಿ ಕೆಲಸ ಮಾಡಿ ಕೈ ಒರಟಾದ ಮೈ, ಪೆಟ್ಟು ತಿಂದ ಮೈ, ದೇವರ ಹತ್ತಿರ ಶಾಶ್ವತವಾಗಿ ಇದೆ. ಹಾಗಾದರೆ ಯಾರ ಮೈಯನ್ನೂ ಕೀಳು ಎಂದು ನೋಡಲು ಕ್ರೈಸ್ತನಿಗೆ ಹಕ್ಕಿಲ್ಲ. ಜಾತಿಯಿಂದ ಮುಟ್ಟಬಾರದು ಎಂದ ಮೈ, ರೋಗದಿಂದ ಮುಟ್ಟಬಾರದು ಎಂದ ಮೈ, ಎಲ್ಲ ಸೇರಿ.

ಮುಟ್ಟುವುದು ಅಂದರೆ ಏನು ಎಂದು ನಮ್ಮ ಊರಲ್ಲೇ ನೋಡಬಹುದು. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಹೋಮಿಯೋಪತಿ ಔಷಧ ಕೊಡಲು ಶುರು ಮಾಡಿದರು. ಹತ್ತು ವರ್ಷದಲ್ಲಿ ಅಲ್ಲೇ ಕುಷ್ಠರೋಗಿಗಳಿಗೆ ಆಸರೆ ಆಯಿತು. ಮನೆಯವರೇ ಹೊರಗಿಟ್ಟವರನ್ನು ಕರೆದು ಒಳಗೆ ಮಲಗಿಸಿದ ಜಾಗ ಅದು. 1923ರಲ್ಲಿ ನಿಮ್ಮ ಉಡುಪಿಯಲ್ಲಿ ಸ್ವಿಸ್ ವೈದ್ಯೆ ಡಾ. ಈವಾ ಲೊಂಬಾರ್ಡ್ ಆಸ್ಪತ್ರೆ ತೆರೆದರು. ಈಗಲೂ ಊರಿನವರು ಅದನ್ನು ಮಿಶನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಆರೋಹಣ ಓದಿ ಆಸ್ಪತ್ರೆ ಕಟ್ಟಿದರು ಎಂದು ನಾನು ಹೇಳುತ್ತಿಲ್ಲ. ಆತ್ಮ ಒಂದೇ ಮುಖ್ಯ, ಮೈ ಹೇಗೂ ಮಣ್ಣಿಗೆ ಹೋಗುವುದು ಎಂದು ನಂಬುವ ಧರ್ಮಕ್ಕೆ ಹುಣ್ಣು ತೊಳೆಯುವ ಕೆಲಸ ಅಷ್ಟು ಮುಖ್ಯ ಅನಿಸುವುದಿಲ್ಲ, ಅಷ್ಟೇ ನನ್ನ ಮಾತು.

ಇನ್ನು ಬಲಗಡೆ ಕೂತದ್ದರ ವಿಷಯ. ಇದು 110ನೇ ಕೀರ್ತನೆಯಿಂದ ಬಂದ ಮಾತು. ಹೊಸ ಒಡಂಬಡಿಕೆಯವರು ಇಷ್ಟು ಸಲ ಎತ್ತಿಕೊಂಡ ಕೀರ್ತನೆ ಬೇರೊಂದಿಲ್ಲ. ಬಲಗಡೆ ಕೂರುವುದು ಅಂದರೆ ಅರಸನ ಅಧಿಕಾರದಲ್ಲಿ ಪಾಲು. ನಮಗೆ ಇದು ಪ್ರಾರ್ಥನೆಯ ಮಾತು. ಆ ಕಾಲಕ್ಕೆ ಇದು ರಾಜಕೀಯದ ಮಾತು.

ಯಾಕೆ ಎಂದು ಹೇಳುತ್ತೇನೆ. ಏರಿಹೋಗುವ ಕಥೆಗಳು ರೋಮಿನಲ್ಲೂ ಇದ್ದವು, ಅದೂ ಚಕ್ರವರ್ತಿಗಳದ್ದು. ಕ್ರಿ.ಶ. 14ರಲ್ಲಿ ಅಗಸ್ಟಸ್ ಸತ್ತ. ಚಿತೆಯಿಂದ ಅವನು ಆಕಾಶಕ್ಕೆ ಏರಿಹೋದದ್ದನ್ನು ಕಣ್ಣಾರೆ ಕಂಡೆ ಎಂದು ನುಮೆರಿಯಸ್ ಅಟ್ಟಿಕಸ್ ಎಂಬ ದೊಡ್ಡ ಮನುಷ್ಯನೊಬ್ಬ ಆಣೆ ಮಾಡಿ ಹೇಳಿದ. ಈ ಸಾಕ್ಷಿಗೆ ಅಗಸ್ಟಸನ ಹೆಂಡತಿ ಲಿವಿಯಾ ಅವನಿಗೆ ಹತ್ತು ಲಕ್ಷ ಸೆಸ್ಟರ್ಸ್ ನಾಣ್ಯ ಕೊಟ್ಟಳು ಎಂದು ಇತಿಹಾಸಕಾರ ದಿಯೊ ಕ್ಯಾಸಿಯಸ್ ಬರೆದಿದ್ದಾನೆ. ಆಮೇಲೆ ಸೆನೆಟ್ ಅಗಸ್ಟಸನನ್ನು ದೇವರು ಎಂದು ಘೋಷಿಸಿತು. ಅವನ ದತ್ತುಮಗ, ಮುಂದಿನ ಚಕ್ರವರ್ತಿ ತಿಬೇರಿಯ ದೇವರ ಮಗನಾದ. ತಿಬೇರಿಯನ ಆಳ್ವಿಕೆಯಲ್ಲೇ ಪಿಲಾತ ಯೇಸುವನ್ನು ಶಿಲುಬೆಗೆ ಹಾಕಿಸಿದ್ದು.

ಈಗ ಲೂಕನನ್ನು ಮತ್ತೆ ಓದಿ. ಯೇಸು ಹುಟ್ಟಿದ ಕಥೆಯನ್ನು ಅವನು ಶುರು ಮಾಡುವುದೇ ಅಗಸ್ಟಸನ ಹೆಸರಿನಿಂದ, ಜನಗಣತಿಯ ಆಜ್ಞೆಯಿಂದ. ಸುವಾರ್ತೆಯನ್ನು ಮುಗಿಸುವುದು ಯೇಸುವಿನ ಏರಿಹೋಗುವಿಕೆಯಿಂದ. ಓದಿದ ರೋಮಿನವರಿಗೆ ಕುಟುಕಿದ್ದು ಎಲ್ಲಿ ಎಂದು ತಕ್ಷಣ ಗೊತ್ತಾಗಿರಬೇಕು. ನೀವು ಏರಿಸಿದ್ದು ಸೈನ್ಯ ಇರುವವನನ್ನು. ದೇವರು ಏರಿಸಿದ್ದು ನಿಮ್ಮ ಸೈನಿಕರು ಮೊಳೆ ಹೊಡೆದು ಕೊಂದವನನ್ನು. ಸಾಕ್ಷಿ ಹೇಳಿದವರಿಗೆ ಇಲ್ಲಿ ಹತ್ತು ಲಕ್ಷ ಸಿಗಲಿಲ್ಲ. ಯೇಸುವಿಗಾಗಿ ಮೊದಲು ಪ್ರಾಣ ಕೊಟ್ಟ ಸ್ತೆಫನನಿಗೆ ಸಿಕ್ಕಿದ್ದು ಕಲ್ಲೇಟು. ಕಲ್ಲು ಬೀಳುವ ಮುಂಚೆ ಅವನು, ಯೇಸು ದೇವರ ಬಲಗಡೆ ನಿಂತಿರುವುದನ್ನು ಕಾಣುತ್ತಿದ್ದೇನೆ ಎಂದ. ಎಲ್ಲ ಕಡೆ ಕೂತಿದ್ದಾನೆ ಎಂದು ಬರೆದಿರುವಾಗ ಇಲ್ಲಿ ಮಾತ್ರ ನಿಂತಿದ್ದಾನೆ. ತನ್ನವನಿಗೆ ಅನ್ಯಾಯ ಆಗುವಾಗ ಎದ್ದು ನಿಂತ ಎಂದು ಹಿಂದಿನವರು ಅರ್ಥ ಮಾಡಿದ್ದಾರೆ. ನನಗೂ ಅದೇ ಸರಿ ಅನಿಸುತ್ತದೆ.

ಆದ್ದರಿಂದ ಆರೋಹಣ ನಂಬುವವನಿಗೆ ಯಾವ ಅಧಿಕಾರವೂ ಕೊನೆಯ ಅಧಿಕಾರ ಅಲ್ಲ. ಸರಕಾರ ಅಲ್ಲ, ದುಡ್ಡು ಅಲ್ಲ, ಗುಂಪು ಕಟ್ಟಿಕೊಂಡು ಬೆದರಿಸುವವರು ಅಲ್ಲ. ಕರಾವಳಿಯಲ್ಲಿ ಈಗ ಹೆದರಿಕೊಂಡು ಬದುಕುವವರಿಗೆ ಈ ಮಾತು ಬೇಕು. ಆದರೆ ಮಾತು ನಮ್ಮ ಕಡೆಗೂ ತಿರುಗುತ್ತದೆ. ಸಭೆಯ ಆಡಳಿತದವರು, ಕಮಿಟಿ ಚುನಾವಣೆಗೆ ನಿಲ್ಲುವವರು, ಸಭೆಯ ಆಸ್ತಿ ಕೋರ್ಟಿಗೆ ಎಳೆದವರು, ನಾವು ಪಾಠ ಹೇಳುವವರು ಕೂಡ, ಆ ಕುರ್ಚಿಯಲ್ಲಿ ಕೂತಿರುವವನ ಕೈಯಲ್ಲಿ ಮೊಳೆಯ ಗುರುತು ಇದೆ ಎಂದು ನೆನಪಿಟ್ಟರೆ ಒಳ್ಳೆಯದು. ಸಭೆಯಲ್ಲಿ ಅಧಿಕಾರ ಬೇಕು ಎನ್ನುವವನು ಅಂಥ ಅಧಿಕಾರವನ್ನೇ ಬಯಸಬೇಕು, ಬೇರೆ ಯಾವುದೂ ಇಲ್ಲಿ ಖಾಲಿ ಇಲ್ಲ.

ನೀವು ಬರೆಯದೆ ಬಿಟ್ಟ ಒಂದು ಪ್ರಶ್ನೆಗೂ ಬರುತ್ತೇನೆ. ಹೋದ ಎಂದ ಮೇಲೆ ಇಲ್ಲಿಲ್ಲ ಎಂದಲ್ಲವೇ? ನಮ್ಮ ಕಡೆಯ ಉಪದೇಶಗಳಲ್ಲಿ ಇದಕ್ಕೆ ಒಂದು ಸಿದ್ಧ ಹೋಲಿಕೆ ಇದೆ. ಅಪ್ಪ ಗಲ್ಫಿಗೆ ಹೋಗಿದ್ದಾನೆ, ಅಲ್ಲಿಂದ ನಮ್ಮನ್ನು ನೋಡಿಕೊಳ್ಳುತ್ತಾನೆ, ಒಂದು ದಿನ ಬರುತ್ತಾನೆ ಎಂದು. ಕೇಳುವವರ ಕಣ್ಣು ಒದ್ದೆಯಾಗುತ್ತದೆ, ಯಾಕೆಂದರೆ ಪ್ರತಿ ಮನೆಯಲ್ಲೂ ಅಂಥ ಒಬ್ಬರಿದ್ದಾರೆ. ಆದರೆ ಹೋಲಿಕೆ ಸರಿಯಿಲ್ಲ. ಕುವೈತಿನಲ್ಲಿರುವ ಅಪ್ಪ ನಿಜವಾಗಿಯೂ ಮನೆಯಲ್ಲಿಲ್ಲ. ಎಷ್ಟು ವೀಡಿಯೋ ಕಾಲ್ ಮಾಡಿದರೂ ಊಟದ ಮೇಜಿನ ಹತ್ತಿರ ಅವನ ಜಾಗ ಖಾಲಿಯೇ. ಆರೋಹಣ ಹೇಳುವುದು ಇದಕ್ಕೆ ಸರಿಯಾಗಿ ಉಲ್ಟಾ. ಎಲ್ಲವನ್ನೂ ತುಂಬುವುದಕ್ಕಾಗಿಯೇ ಅವನು ಏರಿಹೋದನು ಎಂದು ಎಫೆಸದವರಿಗೆ ಬರೆದ ಪತ್ರದಲ್ಲಿದೆ. ಏರಿಹೋಗದೆ ಇದ್ದಿದ್ದರೆ ಯೇಸು ಈಗಲೂ ಯೆರೂಸಲೇಮಿನ ಒಂದು ಬೀದಿಯಲ್ಲಿ ಇರುತ್ತಿದ್ದ. ನೋಡಲು ಹೋಗಲು ಪಾಸ್‌ಪೋರ್ಟ್ ಬೇಕಿತ್ತು, ಸಾಲು ನಿಲ್ಲಬೇಕಿತ್ತು. ಉಡುಪಿಯ ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದೆ ಮಲಗಿದವರ ಹತ್ತಿರ ಇರಲು ಆಗುತ್ತಿರಲಿಲ್ಲ. ನಾನು ಹೋಗುವುದು ನಿಮಗೆ ಹಿತ ಎಂದು ಯೋಹಾನನ ಸುವಾರ್ತೆಯಲ್ಲಿ ಅವನು ಹೇಳಿದ್ದು ಇದನ್ನೇ. ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಏರಿಹೋಗುವ ದೃಶ್ಯವೇ ಇಲ್ಲ, ಎಲ್ಲಾ ದಿವಸ ನಿಮ್ಮ ಸಂಗಡ ಇರುತ್ತೇನೆ ಎನ್ನುವ ಮಾತಿದೆ. ಎರಡೂ ಒಂದೇ ನಂಬಿಕೆಯ ಎರಡು ಕಡೆ.

ಐದನೇ ಶತಮಾನದ ಪೋಪ್ ಲಿಯೊ ಒಂದು ಆರೋಹಣದ ಉಪದೇಶದಲ್ಲಿ, ನಮ್ಮ ರಕ್ಷಕನಲ್ಲಿ ಕಣ್ಣಿಗೆ ಕಾಣುತ್ತಿದ್ದದ್ದು ಈಗ ಸಂಸ್ಕಾರಗಳಿಗೆ ದಾಟಿದೆ ಎಂದು ಹೇಳಿದ. ದೀಕ್ಷಾಸ್ನಾನದ ನೀರು, ಕರ್ತನ ಮೇಜಿನ ರೊಟ್ಟಿ. ನಾನು ಇನ್ನೊಂದು ಸೇರಿಸುತ್ತೇನೆ, ಸ್ವಲ್ಪ ಸ್ವಾತಂತ್ರ್ಯ ತೆಗೆದುಕೊಂಡು: ಹಸಿದವನಿಗೆ ಕೊಟ್ಟದ್ದು ನನಗೇ ಕೊಟ್ಟದ್ದು ಎಂದು ಮತ್ತಾಯನಲ್ಲಿ ಹೇಳಿದ್ದಾನಲ್ಲ, ಅವನನ್ನು ಕಾಣುವ ಜಾಗಗಳಲ್ಲಿ ಅದೂ ಒಂದು.

ಆಕಾಶ ನೋಡುತ್ತಾ ನಿಂತ ಶಿಷ್ಯರ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ, ಅದನ್ನು ಎಲ್ಲ ಉಪದೇಶಗಳಲ್ಲೂ ಕೇಳಿರುತ್ತೀರಿ. ಒಂದೇ ಮಾತು. ಅದಕ್ಕೆ ಸ್ವಲ್ಪ ಮೊದಲು ಅವರು, ಇಸ್ರಾಯೇಲಿನ ರಾಜ್ಯವನ್ನು ಈಗಲೇ ತಿರುಗಿ ಸ್ಥಾಪಿಸುತ್ತೀಯೋ ಎಂದು ಕೇಳಿದ್ದರು. ಕಾಲ, ಸಮಯ ತಿಳಿಯುವುದು ನಿಮ್ಮ ಕೆಲಸ ಅಲ್ಲ ಎಂದು ಯೇಸು ನೇರವಾಗಿ ಹೇಳಿದ. ಯೇಸು ಬರುವ ತಾರೀಖು ಇದೇ ಎಂದು ವಾಟ್ಸಾಪಿನಲ್ಲಿ ವೀಡಿಯೋ ಬಂದರೆ ಅದಕ್ಕೆ ಈ ವಚನ ಸಾಕು. ಮುಂದಕ್ಕೆ ಕಳಿಸಬೇಡಿ.

40 ದಿನದ ಬಗ್ಗೆ ಮಕ್ಕಳು ಕೇಳಬಹುದು. ಲೂಕನ ಸುವಾರ್ತೆಯ ಕೊನೆಯ ಅಧ್ಯಾಯ ಓದಿದರೆ ಈಸ್ಟರ್ ದಿನ ಸಂಜೆಯೇ ಏರಿಹೋದ ಹಾಗೆ ಕಾಣುತ್ತದೆ. ಅದೇ ಲೂಕ ಅಪೊಸ್ತಲರ ಕೃತ್ಯಗಳಲ್ಲಿ 40 ದಿನ ಎನ್ನುತ್ತಾನೆ. ಮೋಶೆ ಬೆಟ್ಟದ ಮೇಲೆ ಇದ್ದದ್ದು 40 ದಿನ, ಎಲೀಯ ಹೋರೇಬಿಗೆ ನಡೆದದ್ದು 40 ದಿನ, ಯೇಸು ಉಪವಾಸ ಇದ್ದದ್ದು 40 ದಿನ. ದೊಡ್ಡ ಕೆಲಸಕ್ಕೆ ತಯಾರಾಗುವ ಕಾಲ ಅದು. ಸುವಾರ್ತೆಯಲ್ಲಿ ಯೇಸುವಿನ ಕಥೆ ಮುಗಿಯುತ್ತದೆ, ಕೃತ್ಯಗಳಲ್ಲಿ ಶಿಷ್ಯರ ಕಥೆ ಶುರುವಾಗುತ್ತದೆ. ಒಂದೇ ಘಟನೆಯನ್ನು ಲೂಕ ಎರಡು ಕಡೆಯಿಂದ ತೋರಿಸಿದ್ದಾನೆ. ಆರೋಹಣವನ್ನು ಬೇರೆ ಹಬ್ಬವಾಗಿ 40ನೇ ದಿನ ಆಚರಿಸುವುದು ನಾಲ್ಕನೇ ಶತಮಾನದ ಕೊನೆಯ ಹೊತ್ತಿಗೆ ಹರಡಿತು. ಈಸ್ಟರ್ ಭಾನುವಾರವನ್ನೂ ಸೇರಿಸಿ 40 ಎಣಿಸುವುದರಿಂದ ಅದು ಯಾವಾಗಲೂ ಗುರುವಾರ ಬರುತ್ತದೆ. ಜರ್ಮನಿ, ಸ್ವಿಟ್ಜರ್ಲೆಂಡಿನಲ್ಲಿ ಈಗಲೂ ಅವತ್ತು ಸರಕಾರಿ ರಜೆ. ಇಲ್ಲಿ ರಜೆ ಇಲ್ಲ, ಜನ ಬರುವುದಿಲ್ಲ. ಇಲ್ಲಿನ ಕಥೊಲಿಕರು ಅದನ್ನು ಮುಂದಿನ ಭಾನುವಾರಕ್ಕೆ ಹಾಕಿಕೊಂಡಿದ್ದಾರೆ, ಅದು ಬುದ್ಧಿವಂತಿಕೆ. (ಆಗಸ್ಟ್ 15ರ ಮಾತೆ ಮರಿಯಳ ಹಬ್ಬ ಬೇರೆ. ಎರಡನ್ನೂ ಕಲಸಬೇಡಿ. ಯೇಸು ಏರಿಹೋದ, ಮರಿಯಳನ್ನು ದೇವರು ಎತ್ತಿಕೊಂಡ ಎನ್ನುವುದು ಅವರ ನಂಬಿಕೆ.)

ನಿಮ್ಮ ಪಾಠಕ್ಕೆ ಎರಡು ಸಲಹೆ ಕೊಟ್ಟು ನಿಲ್ಲಿಸುತ್ತೇನೆ. ಗೋಡೆಗೆ ತೂಗುವ ಸಂಡೇ ಸ್ಕೂಲ್ ಚಾರ್ಟ್ ಬಿಡಿ, ಅದರಲ್ಲಿ ಯೇಸು ಬಲೂನಿನ ಹಾಗೆ ತೇಲುತ್ತಿರುತ್ತಾನೆ. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಮರದ ಅಚ್ಚಿನಲ್ಲಿ ಮಾಡಿದ ಒಂದು ಚಿತ್ರಮಾಲೆ 1511ರಲ್ಲಿ ಬಂತು. ಅದರಲ್ಲಿರುವ ಆರೋಹಣದ ಚಿತ್ರ ಮೊಬೈಲಿನಲ್ಲಿ ಸುಲಭವಾಗಿ ಸಿಗುತ್ತದೆ. ಮೇಲ್ಗಡೆ ಬರೀ ಎರಡು ಪಾದ, ಬಟ್ಟೆಯ ಅಂಚು ಸ್ವಲ್ಪ. ಮೈಯೆಲ್ಲ ಚಿತ್ರದ ಚೌಕಟ್ಟಿನ ಆಚೆ. ಕೆಳಗೆ ಗುಡ್ಡದ ತುದಿಯಲ್ಲಿ ಎರಡು ಹೆಜ್ಜೆ ಗುರುತು. ಸುತ್ತಲೂ ಕುತ್ತಿಗೆ ಎತ್ತಿ ನೋಡುವ ಶಿಷ್ಯರು. ಮಕ್ಕಳು ನಗುವುದು ಖಂಡಿತ. ಆ ಪಾದಗಳಲ್ಲಿ ಏನು ಇರಬೇಕು ಎಂದು ಆಗ ಕೇಳಿ. ಮೊಳೆಯ ಗಾಯ ಎಂದು ಯಾರಾದರೂ ಹೇಳಿದರೆ ಅರ್ಧ ಪಾಠ ಮುಗಿಯಿತು.

ಎರಡನೆಯದು, ಅಪೊಸ್ತಲರ ಕೃತ್ಯಗಳು ಒಂದನೇ ಅಧ್ಯಾಯದ ವಾಚನವನ್ನು 11ನೇ ವಚನಕ್ಕೆ ನಿಲ್ಲಿಸಬೇಡಿ. 14ರ ತನಕ ಓದಿಸಿ. ಶಿಷ್ಯರು ಬೆಟ್ಟ ಇಳಿದು ಊರಿಗೆ ಬರುತ್ತಾರೆ, ಮೇಲಂತಸ್ತಿನ ಕೋಣೆಗೆ ಹತ್ತುತ್ತಾರೆ. ಅಲ್ಲಿ ಹೆಂಗಸರಿದ್ದಾರೆ, ಯೇಸುವಿನ ತಾಯಿ ಇದ್ದಾಳೆ, ಮೊದಲು ಅವನನ್ನು ನಂಬದೆ ಇದ್ದ ತಮ್ಮಂದಿರೂ ಇದ್ದಾರೆ. ಪವಿತ್ರಾತ್ಮ ಇಳಿದು ಬಂದ ಪೆಂತೆಕೋಸ್ತಿನ ತನಕ ಎಲ್ಲರೂ ಒಟ್ಟಿಗೆ ಪ್ರಾರ್ಥಿಸುತ್ತಾರೆ. ಒಂಬತ್ತು ದಿನದ ಪ್ರಾರ್ಥನೆಗಳಾದ ಎಲ್ಲ ನೊವೆನಾಗಳಿಗೂ ಬೇರು ಆ ಒಂಬತ್ತು ದಿನ ಎಂದು ಕಥೊಲಿಕರು ಹೇಳುತ್ತಾರೆ. ಮಾತೆ ಮರಿಯಳ ಹುಟ್ಟುಹಬ್ಬವಾದ ಮೊಂತಿ ಫೆಸ್ತಿನ ಮೊದಲು ಒಂಬತ್ತು ದಿನ ಮಕ್ಕಳು ಹೂವು ಹಿಡಿದುಕೊಂಡು ಹೋಗುವುದನ್ನು ನಿಮ್ಮ ಕ್ಲಾಸಿನವರೂ ನೋಡಿರುತ್ತಾರೆ. ನಿಮ್ಮ ಸಭೆಯಲ್ಲೂ ಆರೋಹಣದಿಂದ ಪೆಂತೆಕೋಸ್ತಿನ ತನಕ ದಿನಕ್ಕೊಂದು ಮನೆಯಲ್ಲಿ ಸಂಜೆ ಪ್ರಾರ್ಥನೆ ಇಡಬಹುದಲ್ಲ. ಪಕ್ಕದ ಮನೆಯ ಅಕ್ಕನನ್ನೂ ಒಂದು ದಿನ ಕರೆಯಿರಿ. ಗುರುವಾರದ ಆರಾಧನೆಯನ್ನು ಬೆಳಿಗ್ಗೆ ಏಳಕ್ಕೆ ಇಡದೆ ಸಂಜೆ ಆರೂವರೆಗೆ ಇಡಿ ಎಂದು ನಿಮ್ಮ ಪಾದ್ರಿ ಅಯ್ಯನವರಿಗೆ ಹೇಳಿ ನೋಡಿ. ಕೆಲಸ ಮುಗಿಸಿ ಬರುವವರು ಬಂದೇ ಬರುತ್ತಾರೆ.